ಫ್ರೀ ಸಿನಿಮಾದ ಲೆಕ್ಕ ಯಾರು ಕೊಡ್ಬೇಕು?

ಕಟ್ಟಾಯದ ಕಡೆಯ ನಮ್ಮ ಮನೆಗಳಲ್ಲೂ ಈಗ ಟಿವಿಗಿಂತ ಮೊಬೈಲಿನ ಸದ್ದೇ ಜೋರು. ಮೊನ್ನೆ ಮದ್ರಸ ಬಿಟ್ಟ ಮೇಲೆ ಹುಡುಗನೊಬ್ಬ ಕೇಳಿದ: "ಉಸ್ತಾದ್, ಹೊಸ ಸಿನಿಮಾ ಲಿಂಕಲ್ಲಿ ಫ್ರೀ ಸಿಗ್ತದೆ. ನೋಡಿದ್ರೆ ತಪ್ಪಾ?"

ಸಿನಿಮಾ ನೋಡ್ಬೇಕಾ ಬೇಡ್ವಾ ಅನ್ನೋದು ಬೇರೆ ಮಾತು. ಕದ್ದದ್ದನ್ನು ನೋಡೋದು ಹಕ್ಕುಲ್ ಇಬಾದಿನ ವಿಷಯ. 1988ರಲ್ಲಿ ಕುವೈತ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಕೃತಿಸ್ವಾಮ್ಯವೂ ಶರೀಅತ್ ಕಾಪಾಡುವ ಹಕ್ಕೇ ಎಂದು ತೀರ್ಮಾನಿಸಿದೆ.

ಈ ಹಕ್ಕಿನ ಮಾತು ನಮಗೆ ಹೊಸದಲ್ಲ. ನಮ್ಮ ಭಾಷೆಯ ಮೊದಲ ಸಿನಿಮಾ 'ಬ್ಯಾರಿ' ಬಂದಾಗ, ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಸಾರಾ ಅಬೂಬಕ್ಕರ್ ಕೋರ್ಟಿಗೆ ಹೋಗಿದ್ದರು. ಬರೆದವರಿಗೆ ಹಕ್ಕಿದ್ದ ಹಾಗೆ ಕ್ಯಾಮೆರಾ ಹಿಡಿದವರಿಗೂ, ಲೈಟ್ ಹೊತ್ತವರಿಗೂ ಅವರ ದುಡಿಮೆಯ ಪಾಲಿದೆ.

ಕಾನೂನೂ ಬಿಗಿಯಾಗಿದೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿಯಂತೆ, ಕದ್ದು ರೆಕಾರ್ಡ್ ಮಾಡಿ ಹರಡುವವರಿಗೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ಮಕ್ಕಳು ಗ್ರೂಪಿಗೆ ಫಾರ್ವರ್ಡ್ ಒತ್ತುವ ಮುಂಚೆ ಇದು ಗೊತ್ತಿರಲಿ. ಸಿನಿಮಾದ ಹೆಸರಲ್ಲಿ ಬರುವ ಎಪಿಕೆ ಫೈಲು ಇಳಿಸಿದರೆ ಬ್ಯಾಂಕಿನ ಓಟಿಪಿಯೂ ಕಳ್ಳರ ಕೈ ಸೇರಬಹುದು.

ದುಡ್ಡಿಲ್ಲದವರಿಗೂ ಸರಿಯಾದ ದಾರಿ ಇದೆ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ಶುರು ಮಾಡಿದ 'ವೇವ್ಸ್' ಆ್ಯಪಿನಲ್ಲಿ ದೂರದರ್ಶನದ ಚಾನೆಲ್‌ಗಳನ್ನು ಉಚಿತವಾಗಿ ನೋಡಬಹುದು.

ಉಮ್ಮಂದಿರೇ, ಬಾಪಂದಿರೇ, ಇವತ್ತು ರಾತ್ರಿ ಊಟ ಆದ ಮೇಲೆ ಮಕ್ಕಳ ಜೊತೆ ಕೂತು ಮೊಬೈಲು ತೆರೆಯಿರಿ. ಬೈಯಬೇಡಿ. ಕದ್ದ ಆ್ಯಪ್ ಇದ್ದರೆ ಅವರ ಕೈಯಿಂದಲೇ ಅಳಿಸಿ.