ಹೆಲಿಕಾಪ್ಟರ್ ರೆಕ್ಕೆಯಿಂದ ಕಾರಿನ ಬಾನೆಟ್ಟಿಗೆ ಇಳಿದ ಹಾಳೆ

ನಿಮ್ಮ ಕಾರಿನ ಬಣ್ಣ ಎಷ್ಟು ದಪ್ಪ, ಗೊತ್ತೆ? ಮಿಲಿಮೀಟರಿನ ಹತ್ತರಲ್ಲೊಂದು ಪಾಲು, ಹೆಚ್ಚೆಂದರೆ ಅದಕ್ಕಿಂತ ಒಂದಿಷ್ಟು ಜಾಸ್ತಿ! ಮೈಕ್ರಾನ್ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 100ರಿಂದ 140. ಅಷ್ಟರೊಳಗೇ ನಾಲ್ಕು ಪದರಗಳು: ತಗಡಿಗೆ ಅಂಟಿಕೊಂಡ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್. ಮನೆಮಂದಿಯೆಲ್ಲ ಕೂತು ಕೆಂಪೋ ನೀಲಿಯೋ ಎಂದು ವಾರಗಟ್ಟಲೆ ಚರ್ಚಿಸಿ ಆರಿಸುವ ಆ ಬಣ್ಣದ ಪದರ ಬರೀ 15-20 ಮೈಕ್ರಾನ್. ಅದನ್ನು ಕಾಯುವ ಕ್ಲಿಯರ್ ಕೋಟ್ 40-50. ತಲೆಗೂದಲೊಂದರ ದಪ್ಪವೇ ಸುಮಾರು 70 ಮೈಕ್ರಾನ್! ಲಕ್ಷಗಟ್ಟಲೆ ಸುರಿದು ತಂದ ಕಾರಿನ ಅಂದವೆಲ್ಲ ಕೂದಲಿಗಿಂತ ತೆಳುವಾದ ಒಂದು ಪೊರೆಯನ್ನು ನಂಬಿಕೊಂಡು ಹೆದ್ದಾರಿಗೆ ಇಳಿಯುತ್ತದೆ.

ಹೊಸ ಕಾರು ಬುಕ್ ಮಾಡಿದವರನ್ನೆಲ್ಲ ಈಗ ಶೋರೂಮಿನಲ್ಲಿ ಒಂದು ಪ್ರಶ್ನೆ ಎದುರುಗೊಳ್ಳುತ್ತದೆ: "ಪಿಪಿಎಫ್ ಹಾಕಿಸೋದಾ ಸರ್?" ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ. ಹೌದು ಅನ್ನಬೇಕೋ ಬೇಡ ಅನ್ನಬೇಕೋ ಎಂದು ತಿಳಿಯಲು ಹೊರಟವನಿಗೆ ಸಿಕ್ಕಿದ್ದು ಒಂದು ಅದ್ಭುತ ಲೋಕ.

ಮೊದಲು ಬೆರಗು ಹುಟ್ಟಿಸಿದ್ದು ಹಾಳೆಯಲ್ಲ, ಬಣ್ಣವೇ. ಕಾರ್ಖಾನೆಯಲ್ಲಿ ಕಾರಿನ ಬರೀ ಲೋಹದ ಒಡಲನ್ನು ದೊಡ್ಡ ತೊಟ್ಟಿಯೊಂದರಲ್ಲಿ ಪೂರ್ತಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ದ್ರವದಲ್ಲಿ ತೇಲುತ್ತಿರುವ ರಾಳದ ಕಣಗಳು ಆ ವಿದ್ಯುತ್ತಿನ ಸೆಳೆತಕ್ಕೆ ಓಡಿಬಂದು, ಯಾವ ಬ್ರಷ್ಷೂ ಯಾವ ಸ್ಪ್ರೇಯೂ ತಲುಪದ ಸಂದುಗೊಂದುಗಳಲ್ಲೆಲ್ಲ ಕೂರುತ್ತವೆ! ತುಕ್ಕು ತಡೆಯುವ ಲೇಪ ಅದೇ. ಆಮೇಲೆ ಕುಲುಮೆ. ಮುಂದೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್, ಮತ್ತೆ ಕುಲುಮೆ. ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಂದು ಗಟ್ಟಿಯಾದ ಮೈ ಅದು. ಅಷ್ಟು ಬಿಸಿ ಕೊಡಲು ಸಾಧ್ಯವಾಗುವುದು ಆಗಿನ್ನೂ ಸೀಟು, ವೈರು, ರಬ್ಬರು, ಪ್ಲಾಸ್ಟಿಕ್ ಏನೂ ಇಲ್ಲದ್ದರಿಂದ. ಪೂರ್ತಿ ಜೋಡಿಸಿದ ಕಾರನ್ನು ಯಾವ ಗ್ಯಾರೇಜಿನವರೂ ಆ ಕುಲುಮೆಗೆ ತಳ್ಳಲಾರರು. ಅಲ್ಲಿನ ಪೇಂಟ್ ಬೂತಿನ ಬಿಸಿ 60 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಪಳಗಿದ ಪೇಂಟರ್ ಕಣ್ಣಿಗೆ ವ್ಯತ್ಯಾಸ ಕಾಣದಂತೆ ಬಣ್ಣ ಹೊಡೆಯಬಲ್ಲ, ನಿಜ. ಆದರೆ ಕಾರ್ಖಾನೆಯ ಆ ಮೊದಲ ಮೈ ಕಾರಿಗೆ ಬದುಕಿನಲ್ಲಿ ಒಂದೇ ಸಲ ಸಿಗುವಂಥದ್ದು. ಹಾಳೆ ಬೇಕೆ ಬೇಡವೆ ಎಂಬ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗಬೇಕು ಅಂತ ನನಗೆ ಹೊಳೆದದ್ದು ಆಗ.

ಇನ್ನು ಹಾಳೆಯ ಜಾತಕ! ಅದು ಹುಟ್ಟಿದ್ದು ಕಾರಿಗಾಗಿ ಅಲ್ಲವೇ ಅಲ್ಲ. ವಿಯೆಟ್ನಾಂ ಯುದ್ಧದ ಕಾಲ. ಅಮೆರಿಕದ ಹೆಲಿಕಾಪ್ಟರುಗಳು ದೂಳು ಮರಳಿನ ನೆಲದಲ್ಲಿ ಏರಿ ಇಳಿಯುವಾಗ, ಸೆಕೆಂಡಿಗೆ 200 ಮೀಟರಿಗೂ ಮಿಕ್ಕಿದ ವೇಗದಲ್ಲಿ ಬೀಸುವ ರೆಕ್ಕೆಯ ತುದಿಗಳಿಗೆ ಮರಳ ಕಣಗಳು ಬಡಿದು ಬಡಿದು ಲೋಹವೇ ಸವೆದುಹೋಗುತ್ತಿತ್ತು. ಇದಕ್ಕೊಂದು ಹಗುರವಾದ ಹೊದಿಕೆ ಬೇಕು ಎಂದು ಸೇನೆ ಕೇಳಿತು, ತ್ರೀಎಂ ಕಂಪನಿ ಪಾಲಿಯುರೆಥೇನ್ ಪಟ್ಟಿಯೊಂದನ್ನು ಮಾಡಿಕೊಟ್ಟಿತು. 'ಹೆಲಿಕಾಪ್ಟರ್ ಟೇಪ್' ಎಂದೇ ಅದಕ್ಕೆ ಹೆಸರಾಯಿತು. ಆಮೇಲೆ ರೇಸಿಂಗ್ ಕಾರಿನವರ ಕಣ್ಣಿಗೆ ಬಿತ್ತು, ಅಲ್ಲಿಂದ ಹೆಚ್ಚು ತಿಳಿಯಾಗಿ ರಸ್ತೆಯ ಕಾರಿಗೆ ಬಂತು. ಮರಳಿನ ಬಿರುಗಾಳಿ ತಾಳಲೆಂದು ಹುಟ್ಟಿದ್ದು ಈಗ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸುರುಳಿ ಸುತ್ತಿ ಕೂತಿದೆ!

ಉಕ್ಕನ್ನೇ ಸವೆಸುವ ಮರಳು ಈ ಮೆತ್ತನೆಯ ಹಾಳೆಗೆ ಸೋಲುವುದೇಕೆ? ಮೆತ್ತಗಿರುವುದರಿಂದಲೇ! ಕ್ರಿಕೆಟ್ಟಿನಲ್ಲಿ ಬಿರುಸಿನ ಕ್ಯಾಚ್ ಹಿಡಿಯುವಾಗ ಫೀಲ್ಡರ್ ಕೈಯನ್ನು ಚೆಂಡಿನ ಜೊತೆಗೇ ಹಿಂದಕ್ಕೆ ಸೆಳೆದುಕೊಳ್ಳುತ್ತಾನಲ್ಲ, ಹಾಳೆಯೂ ಹಾಗೆ ಕಲ್ಲಿನ ಜೊತೆ ಒಂದು ಕ್ಷಣ ತಗ್ಗಿ, ಹೊಡೆತವನ್ನು ಸುತ್ತಲಿಗೆ ಹಂಚಿ, ಮತ್ತೆ ಮೇಲೇಳುತ್ತದೆ. ಪಾಲಿಯುರೆಥೇನಿನ ಅಣುಸರಪಳಿಯಲ್ಲಿ ಮೆದುವಾದ ತುಂಡು, ಗಡಸಾದ ತುಂಡು ಒಂದಾದ ಮೇಲೊಂದು ಬರುತ್ತವೆ. ಮೆದು ತುಂಡು ಹಿಗ್ಗುತ್ತದೆ, ಗಡಸು ತುಂಡು ಹಿಡಿದೆಳೆದು ಮೊದಲಿನ ಜಾಗಕ್ಕೆ ತರುತ್ತದೆ. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬಾಯರ್ ಮತ್ತು ಸಂಗಡಿಗರು 1937ರಲ್ಲಿ ಈ ರಸಾಯನವನ್ನು ಕಂಡುಕೊಂಡಾಗ, ಮುಂದೊಂದು ದಿನ ಅದೇ ವಸ್ತು ದಿಂಬಿನ ಸ್ಪಂಜೂ ಆಗಿ ಚಪ್ಪಲಿಯ ಅಟ್ಟೆಯೂ ಆಗಿ ಕಾರಿನ ಕವಚವೂ ಆಗುತ್ತದೆಂದು ಯಾರು ಎಣಿಸಿದ್ದರು!

ಇದಕ್ಕಿಂತ ದೊಡ್ಡ ಬೆರಗು ಮುಂದಿದೆ. ಹಾಳೆಯ ದಪ್ಪ 150ರಿಂದ 200 ಮೈಕ್ರಾನ್. ಅಂದರೆ ಬಣ್ಣದ ನಾಲ್ಕೂ ಪದರಗಳನ್ನು ಕೂಡಿಸಿದರೂ ಹಾಳೆಯೇ ದಪ್ಪ! ಆದರೂ ಕಣ್ಣಿಗೆ ಕಾಣುವುದಿಲ್ಲ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಾಗುತ್ತದೆ ಎಂಬುದಕ್ಕೆ ವಕ್ರೀಭವನಾಂಕ ಎಂಬ ಅಳತೆಯಿದೆ. ಹಾಳೆಯದೂ ಕ್ಲಿಯರ್ ಕೋಟಿನದೂ ಹೆಚ್ಚುಕಡಿಮೆ ಒಂದೇ, 1.5ರ ಹತ್ತಿರ. ನಡುವೆ ಗಾಳಿ ಉಳಿಯದಂತೆ ಅಂಟು ತುಂಬಿಕೊಂಡರೆ ಬೆಳಕಿಗೆ ತಾನು ಗಡಿ ದಾಟಿದ್ದೇ ತಿಳಿಯುವುದಿಲ್ಲ, ನೇರ ಬಣ್ಣದ ತನಕ ಹೋಗಿ ಮರಳುತ್ತದೆ.

ಗೀರು ತಾನಾಗಿ ಮಾಯುವುದನ್ನು ನೋಡಿದ್ದೀರಾ? ಇಂಥ ಹಾಳೆ ಹಾಕಿಕೊಡುವ ಡಿಟೇಲಿಂಗ್ ಅಂಗಡಿಯಲ್ಲಿ ತುಂಡು ಹಾಳೆಯೊಂದರ ಮೇಲೆ ಹಿತ್ತಾಳೆ ಎಳೆಯ ಬ್ರಷ್ ಉಜ್ಜಿ ತೋರಿಸುತ್ತಾರೆ. ತುಂಬ ಗೀರು. ಮೇಲೆ ಬಿಸಿನೀರು ಹೊಯ್ದರೆ, ಕಣ್ಣೆದುರೇ, ಒಂದೊಂದಾಗಿ ಮಂಗಮಾಯ! ಹಾಳೆಯ ತುತ್ತತುದಿಯ ಲೇಪ ಹರಿದಿರುವುದಿಲ್ಲ, ಬರೀ ತಗ್ಗಾಗಿರುತ್ತದೆ. ಬಿಸಿ ತಾಗಿದ ಕೂಡಲೇ ಅದರ ಅಣುಸರಪಳಿಗಳು ಸಡಿಲಗೊಂಡು ತಮ್ಮ ಹಳೆಯ ಜಾಗಕ್ಕೆ ಹೊರಳುತ್ತವೆ. ಒಣಬಟ್ಟೆಯಲ್ಲಿ ದೂಳು ಒರೆಸಿ ಎದ್ದ ನವಿರು ಗೀರುಗಳನ್ನು ಬಯಲುಸೀಮೆಯ ಬಿಸಿಲೇ ಅಳಿಸಿಬಿಡುತ್ತದೆ. ಆಳಕ್ಕೆ ಇಳಿದ ಗಾಯ ಮಾತ್ರ ಮಾಯುವುದಿಲ್ಲ, ಆ ತುಂಡನ್ನೇ ಬದಲಿಸಬೇಕು.

ಹಾಕುವ ಕೆಲಸವನ್ನಂತೂ ನಿಂತು ನೋಡಬೇಕು. ತೊಳೆದು, ಅಂಟಿದ ಕೊಳೆ ಎಬ್ಬಿಸುವ ಕ್ಲೇ ಉಜ್ಜಿ, ದೂಳಿಲ್ಲದ ಕೋಣೆಯಲ್ಲಿ ಕಾರು ನಿಲ್ಲಿಸಿ, ನೀರಿಗೆ ಒಂದು ತೊಟ್ಟು ಮಕ್ಕಳ ಶಾಂಪೂ ಬೆರೆಸಿ ಚಿಮುಕಿಸುತ್ತಾರೆ. ಹಾಳೆ ಆ ಜಾರುನೀರಿನ ಮೇಲೆ ತೇಲುತ್ತ ಬೇಕಾದ ಕಡೆ ಸರಿಯುತ್ತದೆ. ಸ್ಕ್ವೀಜಿಯಿಂದ ನೀರು ತಳ್ಳುತ್ತ, ಹೀಟ್‌ಗನ್ನಿನಿಂದ ಬಿಸಿ ಕೊಡುತ್ತ, ಕನ್ನಡಿಯ ಉಬ್ಬಿನ ಮೇಲೆ ಚಪ್ಪಟೆ ಹಾಳೆಯನ್ನು ಒಂದೂ ನೆರಿಗೆ ಬೀಳದಂತೆ ಎಳೆದು ಕೂರಿಸುವ ಆ ಹುಡುಗರ ಬೆರಳುಗಳಲ್ಲಿ ವರ್ಷಗಳ ಅಭ್ಯಾಸವಿದೆ. ಉಳಿದ ಸಣ್ಣಪುಟ್ಟ ನೀರಿನ ಗುಳ್ಳೆಗಳು ಕೆಲವು ದಿನಗಳಲ್ಲಿ ಹಾಳೆಯ ಮೂಲಕವೇ ಆರಿಹೋಗುತ್ತವೆ! ನನ್ನ ದೃಷ್ಟಿಯಲ್ಲಿ ಹಾಳೆಯ ಬ್ರ್ಯಾಂಡಿಗಿಂತ ಈ ಕೈ ಮುಖ್ಯ. ಕಂಪ್ಯೂಟರಿನ ಅಳತೆಗೆ ಪ್ಲಾಟರಿನಲ್ಲಿ ಮೊದಲೇ ಕತ್ತರಿಸಿ ತರುತ್ತಾರೋ, ಕಾರಿನ ಮೇಲೇ ಬ್ಲೇಡ್ ಆಡಿಸುತ್ತಾರೋ ಎಂದು ಕೇಳಲೇಬೇಕು. ಕಾಯಲು ಹೋದ ಬಣ್ಣಕ್ಕೆ ಬ್ಲೇಡಿನ ಗೆರೆ ಬಿದ್ದರೆ ಏನು ಬಂತು!

ಹಾಗಾದರೆ ಹಾಕಿಸುವುದೋ ಬೇಡವೋ? ಒಳ್ಳೆಯ ಟಿಪಿಯು (ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್) ಹಾಳೆಯನ್ನು ಇಡೀ ಕಾರಿಗೆ ಹಾಕಿಸಲು ಗಾತ್ರಕ್ಕೆ ತಕ್ಕಂತೆ ಸುಮಾರು 70 ಸಾವಿರದಿಂದ 2 ಲಕ್ಷದ ತನಕ ಬೇಕು. ಹತ್ತು ಲಕ್ಷದ ಕಾರಿಗೆ, ಅದೂ ಮನೆ-ಆಫೀಸು ಮಾತ್ರ ಓಡಾಡುವವರಿಗೆ, ಇದು ಖಂಡಿತ ಬೇಡ ಎನ್ನುತ್ತೇನೆ. ಕಲ್ಲು ಎಲ್ಲಿ ಬಡಿಯುತ್ತದೆ, ನೋಡಿ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಊರೊಳಗಿನ 50ರಲ್ಲಿ ಸುಮ್ಮನೆ ಪುಟಿದು ಹೋಗುವ ಜಲ್ಲಿ, ಮೈಸೂರು ಹೆದ್ದಾರಿಯ 100ರಲ್ಲಿ ಬಣ್ಣ ಕಿತ್ತು ತಗಡು ತೋರಿಸುತ್ತದೆ. ಬಡಿಯುವುದು ಬಾನೆಟ್ಟಿನ ಮುಂದಿನ ಅಂಚಿಗೆ, ಬಂಪರಿಗೆ, ಕನ್ನಡಿಗಳ ಬೆನ್ನಿಗೆ, ಚಕ್ರದ ಹಿಂದಿನ ಕೆಳಮೈಗೆ. ಚಾವಣಿಗೂ ಡಿಕ್ಕಿಗೂ ಯಾವ ಟಿಪ್ಪರಿನ ಜಲ್ಲಿ ಬರುತ್ತದೆ? ಬಂಪರ್ ಪ್ಲಾಸ್ಟಿಕ್ಕಿನದು, ಅದು ಆ 140 ಡಿಗ್ರಿಯ ಕುಲುಮೆ ಕಂಡದ್ದೇ ಅಲ್ಲ, ತುಕ್ಕೂ ಹಿಡಿಯುವುದಿಲ್ಲ, ಕೆಲವೇ ಸಾವಿರಕ್ಕೆ ಮತ್ತೆ ಬಣ್ಣ ಹೊಡೆಸಬಹುದು. ಹಣ ಅಳೆದು ಸುರಿಯುವವರು ಮೊದಲು ಬಾನೆಟ್ಟು ಮತ್ತು ಫೆಂಡರುಗಳನ್ನು ಕಾಯಲಿ. ಬಳ್ಳಾರಿ, ಸಂಡೂರಿನ ಅದಿರು ಲಾರಿಗಳ ಹಿಂದೆ ದಿನವೂ ಓಡುವವರು, ಮಂಗಳೂರಿನ ಉಪ್ಪುಗಾಳಿಯಲ್ಲಿ ಒಂದು ಚುಕ್ಕೆ ಗಾಯಕ್ಕೂ ತುಕ್ಕು ಬರಬಹುದೆಂದು ಅಂಜುವವರು, ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುವವರು ಮುಂಭಾಗಕ್ಕೆ ಹಿಂದೆಮುಂದೆ ನೋಡದೆ ಹಾಕಿಸಲಿ.

ಸೆರಾಮಿಕ್ ಕೋಟಿಂಗ್ ಇದೇ ಕೆಲಸ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಂದೆರಡು ಮೈಕ್ರಾನಿನ ಲೇಪ. ನೀರು ಜಾರಿಸುತ್ತದೆ, ತೊಳೆಯುವುದನ್ನು ಸುಲಭ ಮಾಡುತ್ತದೆ, ಕಲ್ಲನ್ನು ತಡೆಯುವುದಿಲ್ಲ. ಅಗ್ಗದ ಪಿವಿಸಿ ಹಾಳೆಯನ್ನು ಪಿಪಿಎಫ್ ಎಂದು ಮಾರುವವರೂ ಇದ್ದಾರೆ. ಅದು ಬಿಸಿಲಿಗೆ ಹಳದಿಯಾಗಿ, ಗಡಸಾಗಿ, ಬಿಚ್ಚುವಾಗ ಅಂಟನ್ನು ಕಾರಿನ ಮೇಲೇ ಬಿಟ್ಟುಹೋಗುತ್ತದೆ. ಪಾಲಿಯುರೆಥೇನಿನಲ್ಲೂ ಆರೊಮ್ಯಾಟಿಕ್ ಬಗೆ ಬಿಸಿಲಿಗೆ ಬಣ್ಣಗೆಡುತ್ತದೆ. ಬೇಕಾದದ್ದು ಅಲಿಫ್ಯಾಟಿಕ್ ಟಿಪಿಯು. ಒಂದು ತುಂಡು ಕೇಳಿ ಪಡೆದು, ಎಳೆದು, ಗೀರಿ, ಬಿಸಿನೀರು ಹೊಯ್ದು ನೋಡಿ. ಹಳದಿಯಾದರೆ ಬದಲಿಸಿಕೊಡುವ ಮಾತನ್ನು ಬರಹದಲ್ಲಿ ಪಡೆಯಿರಿ.

ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದ್ದರೆ ಅದು ಪೂರ್ತಿ ಆರುವ ತನಕ ಕೆಲವು ವಾರ ಕಾಯಬೇಕು, ಇಲ್ಲವಾದರೆ ಹಾಳೆ ಬಿಚ್ಚುವ ದಿನ ಬಣ್ಣವೂ ಜೊತೆಗೆ ಎದ್ದುಬರಬಹುದು. ಹೊಸ ಕಾರಿಗಾದರೆ ಎಷ್ಟು ಬೇಗ ಅಷ್ಟು ಒಳ್ಳೆಯದು, ಏಕೆಂದರೆ ಹಾಳೆಯಡಿ ಸಿಕ್ಕಿದ ಗೀರು ಹಾಳೆ ಇರುವಷ್ಟು ಕಾಲ ಅಲ್ಲೇ ಇರುತ್ತದೆ. ಬುಕ್ ಮಾಡುವಾಗಲೇ ಶೋರೂಮಿನವರಿಗೆ ಒಂದು ಮಾತು ಹೇಳಿಡಿ: ಡೆಲಿವರಿಗೆ ಮುಂಚೆ ಗಾಡಿಯನ್ನು ತೊಳೆದು ಪಾಲಿಶ್ ಮಾಡುವುದು ಬೇಡ, ಕಾರ್ಖಾನೆಯಿಂದ ಬಂದಾಗ ಅಂಟಿಸಿದ್ದ ಪ್ಲಾಸ್ಟಿಕ್ಕನ್ನೂ ಕೀಳುವುದು ಬೇಡ, ದೂಳಿದ್ದರೆ ದೂಳಿನೊಂದಿಗೇ ಕೊಡಿ. ಅದನ್ನು ಡಿಟೇಲಿಂಗಿನವರೇ ತೊಳೆಯಲಿ.