ದಪ್ಪ ತಂತಿಯ ದನಿ

ಗೆಳೆಯರೇ, ಒಂದು ರಬ್ಬರ್ ಬ್ಯಾಂಡನ್ನು ಎರಡು ಬೆರಳಿಗೆ ಹಾಕಿ ಹಿಗ್ಗಿಸಿ ಮೀಟಿರಿ. ದನಿ ಸಣ್ಣಗೆ ಬರತದ. ಅದನ್ನೇ ಊಟದ ಖಾಲಿ ಡಬ್ಬಿಗೆ ಹಾಕಿ ಮೀಟಿರಿ. ದನಿ ದೊಡ್ಡದಾಯ್ತು, ಹೌದಲ್ಲ? ರಬ್ಬರಿನ ಜೊತೆ ಡಬ್ಬಿಯೂ ಅದರೊಳಗಿನ ಗಾಳಿಯೂ ನಡುಗುತ್ತವೆ.

ಏಕತಾರಿಗೆ ಬುರುಡೆ ಇರೋದು ಇದಕ್ಕೇ. ಸಿತಾರಕ್ಕೂ ಒಣಗಿದ ಕಾಯಿಯ ಬುರುಡೆ ಇರುತ್ತದೆ. ಅಮೇರಿಕದ ಡೋಬ್ರೊ ಎಂಬ ಗಿಟಾರಿನಲ್ಲಿ ಅಲ್ಯೂಮಿನಿಯಂ ತಟ್ಟೆ ಈ ಕೆಲಸ ಮಾಡುತ್ತದೆ.

ನಮ್ಮ ಘಟಪ್ರಭಾ ಸ್ಟೇಶನ್ನಿನಿಂದ ರೈಲಿನಲ್ಲಿ ಒಂದು ಕಡೆ ಹೋದರೆ ಮೀರಜ. ಅದು ಸಿತಾರ, ತಂಬೂರಿ ತಯಾರಿಸುವ ಊರು. ಅವುಗಳಿಗೆ 2024ರಲ್ಲಿ ಜಿಐ ಗುರುತು ಸಿಕ್ಕಿತು. ಇನ್ನೊಂದು ಕಡೆ ಹೋದರೆ ಬೆಳಗಾವಿ, ಲೋಂಡಾ ದಾಟಿ ಧಾರವಾಡ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರಿಂದ ಧಾರವಾಡ ಹಾಡಿನ ಊರೆಂದು ಹೆಸರಾಯಿತು. ಅಲ್ಲಿ ಸಿತಾರ ಬೇರು ಬಿಡುವಂತೆ ಮಾಡಿದವರು ಸಿತಾರ ರತ್ನ ರಹಿಮತ್ ಖಾನ್.

ಇವರು ಬೀನ್ ವಾದಕ ಬಂದೇ ಅಲಿ ಖಾನರ ಶಿಷ್ಯರು. ಬೀನ್ ಅಂದರೆ ಇಲ್ಲಿ ಹಾವಾಡಿಗರ ಪುಂಗಿ ಅಲ್ಲ, ಎರಡು ಬುರುಡೆಗಳ ರುದ್ರವೀಣೆ. ಅದರ ದನಿ ಬಹಳ ಆಳ. ರಹಿಮತ್ ಖಾನರು ಸಿತಾರದ ತಂತಿಗಳ ಜೋಡಣೆ ಬದಲಿಸಿ, ಮಂದ್ರ ಸ್ವರಗಳಿಗಾಗಿ ದಪ್ಪ ತಂತಿ ಹಾಕಿದರು. ದಪ್ಪ ತಂತಿ ಭಾರ. ಅದಕ್ಕೇ ನಿಧಾನವಾಗಿ ನಡುಗುತ್ತದೆ, ಸ್ವರ ಕೆಳಗಿಳಿಯುತ್ತದೆ. ಹಾಡುಗಾರರು ಆಲಾಪದಲ್ಲಿ ಇಳಿಯುವ ಆಳಕ್ಕೆ ಸಿತಾರವೂ ಇಳಿಯಿತು.

ಅವರು 1954ರಲ್ಲಿ ತೀರಿಕೊಂಡರು. ಆದರೆ ತಂತಿ ಬದಲಿಸಿ ಸುಮ್ಮನಾದವರಲ್ಲ, ಕಲಿಸಿದರು. ಮಗ ಅಬ್ದುಲ್ ಕರೀಮ್ ಖಾನ್ ಕಲಿತರು. ಕಿರಾಣಾ ಘರಾಣೆಯ ಗಾಯಕರು ಬೇರೆ, ಹೆಸರಷ್ಟೇ ಒಂದು. ಮೊಮ್ಮಗ ಉಸ್ತಾದ್ ಬಾಲೇಖಾನ್ (1942–2007) ನಾಡಿಗೆಲ್ಲ ಹೆಸರಾದರು. ಬಾಲೇಖಾನರ ಮಕ್ಕಳೂ ಸಿತಾರ ವಾದಕರೇ. ನಡುವೆ ಒಬ್ಬರು ಕಲಿಯದೆ ಬಿಟ್ಟಿದ್ದರೆ ಈ ದಾರ ಹರಿದು ಹೋಗುತ್ತಿತ್ತು.

ನಮ್ಮಲ್ಲಿ ಹ್ಯಾಂಗದ ನೋಡ್ರಿ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಅವರ ಪಾರಿಜಾತದ ಸೀಮೆ ಇದು. ಆದರೂ ನಮ್ಮ ಊರಾಗ ಏಕತಾರಿ ನುಡಿಸೋ ಅಜ್ಜ ಒಬ್ಬರೇ ಉಳದಾರ. "ಕೇಳಾಕ ಬರ್ತಾರ, ಕಲಿಯಾಕ ಯಾರೂ ಬರಂಗಿಲ್ಲ" ಅಂತ ಅಂತಾರ.

ಡಬ್ಬಿ ಮೀಟಿ ನೋಡಿದ ಮ್ಯಾಲ, ಒಂದು ಸಂಜೆ ಅವರ ಮನಿಗೆ ಹೋಗೋಣ. "ಅಜ್ಜಾರ, ನಮಗೂ ಕಲಸ್ರಿ" ಅನ್ನೋಣ.