ಚಳಿಗಾಲದಲ್ಲಿ ಬೆಕ್ಕಿನ ಆರೈಕೆ

ಬೆಕ್ಕನ್ನು ಕೂಡಿಹಾಕಿ, ಆಹಾರ ಕೊಡದೆ, ಹುಡುಕಿಕೊಳ್ಳಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಸಾಕಿದ ಪ್ರಾಣಿಯ ಹೊಣೆ ನಮ್ಮದೇ. ಚಳಿಗಾಲದಲ್ಲಿ ಈ ಹೊಣೆ ಇನ್ನೂ ಹೆಚ್ಚು.

ಬೆಕ್ಕಿನ ಸಹಜ ದೇಹತಾಪ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗಿಂತ ಹೆಚ್ಚು. ಮುಟ್ಟಿದಾಗ ಬಿಸಿಯೆನಿಸಿದರೆ ಜ್ವರವೆಂದುಕೊಂಡು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿಯಿಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಕರ್ಪೂರ ಬೆರೆತ ನೆಗಡಿ ಮುಲಾಮು, ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಗಳೂ ಅದಕ್ಕೆ ವಿಷ.

ಮಲಗಲು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕಂಬಳಿ ಹಾಸಿ, ತಣ್ಣನೆಯ ನೆಲದಿಂದ ಸ್ವಲ್ಪ ಎತ್ತರದಲ್ಲಿಡಿ. ಮರಿಗಳಿಗೆ ಮೊದಲ ಕೆಲವು ವಾರ ತಮ್ಮ ಮೈ ಬೆಚ್ಚಗಿಟ್ಟುಕೊಳ್ಳಲು ಬಾರದು, ಅವುಗಳನ್ನು ತಾಯಿಯಿಂದ ಬೇರ್ಪಡಿಸಬೇಡಿ. ಸ್ನಾನ ಮಾಡಿಸಬೇಡಿ, ನೆನೆದರೆ ಕೂಡಲೇ ಒರೆಸಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಮನುಷ್ಯರಿಗೂ ಅಪಾಯ. ಬೆಳಿಗ್ಗೆ ಕಾರು ಚಾಲೂ ಮಾಡುವ ಮುನ್ನ ಬಾನೆಟ್ ತಟ್ಟಿ, ಬೆಚ್ಚಗಿನ ಎಂಜಿನ್ ಬಳಿ ಬೆಕ್ಕು ಮಲಗಿರಬಹುದು.

ಸೀನು, ಕಣ್ಣಿನಲ್ಲಿ ಪಿಸುರು ಕಂಡರೆ, ಒಂದು ದಿನ ಪೂರ್ತಿ ಊಟ ಬಿಟ್ಟರೆ ಪಶುವೈದ್ಯರಿಗೆ ತೋರಿಸಿ. ಅದರ ಮಲವನ್ನು ದಿನವೂ ತೆಗೆದು ಸಾಬೂನಿನಿಂದ ಕೈ ತೊಳೆಯಿರಿ. ಗರ್ಭಿಣಿಯರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.